ಕತ್ತಲಲ್ಲಿ ತಾನೇ ಕಾಣುವ ಟಾರ್ಚ್

ಮಳೆಗಾಲ ಶುರುವಾಯ್ತು. ಒಂದು ತೆಂಗಿನ ಗರಿ ತಂತಿ ಮೇಲೆ ಬಿದ್ದರೂ ಸಾಕು, ನಮ್ಮ ಉಡುಪಿ ಕಡೆ ಕರೆಂಟ್ ಹೋಗುತ್ತದೆ. ಆಗ ಟಾರ್ಚ್ ಹುಡುಕಲಿಕ್ಕೇ ಇನ್ನೊಂದು ಟಾರ್ಚ್ ಬೇಕು, ಅಲ್ವಾ? ಆಫ್ ಇದ್ದಾಗಲೂ ಟಾರ್ಚ್ ಮಂಕಾಗಿ ಹೊಳೆಯುತ್ತಾ ಇರುವ ಹಾಗೆ ಮಾಡಿಕೊಳ್ಳಬಹುದು. ಮನೆಯಲ್ಲಿ ವಯಸ್ಸಾದವರಿದ್ದರೆ ಈ ಕೆಲಸ ಖಂಡಿತ ಮಾಡಿ.

3 ಸಣ್ಣ ಎಎಎ ಸೆಲ್ ಹಾಕುವ, ಹಿಂದೆ ಒತ್ತುವ ಸ್ವಿಚ್ ಇರುವ ಸಾದಾ ಎಲ್‌ಇಡಿ ಟಾರ್ಚ್ ಇದಕ್ಕೆ ಒಳ್ಳೆಯದು. 47 ಕಿಲೋಓಮ್‌ನ ರೆಸಿಸ್ಟರ್ (ಕರೆಂಟ್ ಹರಿವನ್ನು ಕಮ್ಮಿ ಮಾಡುವ ಸಣ್ಣ ಬಿಡಿಭಾಗ) ಒಂದು ತನ್ನಿ. ಹಳದಿ, ನೇರಳೆ, ಕಿತ್ತಳೆ ಪಟ್ಟಿ ಇರುತ್ತದೆ. ಬೆಲೆ ಏನೂ ಇಲ್ಲ.

ಮೊದಲು ಪರೀಕ್ಷೆ ಮಾಡಿ. ಹಿಂದಿನ ಮುಚ್ಚಳ ತೆಗೆಯಿರಿ. ರೆಸಿಸ್ಟರ್‌ನ ಒಂದು ಕಾಲು ಸೆಲ್‌ನ ತುದಿಗೆ, ಇನ್ನೊಂದು ಟಾರ್ಚ್ ಅಂಚಿನಲ್ಲಿ ಬಣ್ಣವಿಲ್ಲದ ಲೋಹಕ್ಕೆ ತಾಗಿಸಿ. ಕತ್ತಲಲ್ಲಿ ಎಲ್‌ಇಡಿ ಮಂಕಾಗಿ ಹೊಳೆದರೆ ಆಯ್ತು. ಹೊಳೆಯದಿದ್ದರೆ ಒಳಗೆ ಬೇರೆ ಸರ್ಕ್ಯೂಟ್ ಇರಬಹುದು, ಸುಮ್ನೆ ಬಿಟ್ಟುಬಿಡಿ.

ಹೊಳೆದರೆ, ಸ್ವಿಚ್ಚಿನ ಎರಡು ತುದಿಗಳ ನಡುವೆ ಆ ರೆಸಿಸ್ಟರನ್ನೇ ಬೆಸುಗೆ ಹಾಕಿ. ಕಾಲು ಗಿಡ್ಡ ಮಾಡಿ, ಬೇರೆಲ್ಲೂ ತಾಗದ ಹಾಗೆ ಸ್ಲೀವ್ (ಪ್ಲಾಸ್ಟಿಕ್ ಕೊಳವೆ) ಹಾಕಿ. ಸ್ವಿಚ್ ಆಫ್ ಇದ್ದಾಗ ಚೂರೇ ಚೂರು ಕರೆಂಟ್ ರೆಸಿಸ್ಟರ್ ಮೂಲಕ ಹರಿಯುತ್ತದೆ. ಆನ್ ಮಾಡಿದರೆ ಸ್ವಿಚ್ಚಿನಲ್ಲೇ ಹೋಗುತ್ತದೆ, ಬೆಳಕು ಕಮ್ಮಿಯಾಗುವುದಿಲ್ಲ.

ಸೆಲ್ ಬೇಗ ಖಾಲಿಯಾಗುವ ಹೆದರಿಕೆ ಬೇಡ. ಹರಿಯುವುದು ಸುಮಾರು 0.04 ಮಿಲಿಆಂಪ್ ಅಷ್ಟೇ. 1000 ಎಂಎಎಚ್‌ನ (ಅಂದರೆ 1 ಮಿಲಿಆಂಪ್‌ನಂತೆ 1000 ಗಂಟೆ ಕೊಡುವ) ಆಲ್ಕಲೈನ್ ಸೆಲ್ ಲೆಕ್ಕದಲ್ಲಿ ಎರಡು ವರ್ಷಕ್ಕೂ ಜಾಸ್ತಿ ಬರುತ್ತದೆ. ಆದರೆ ನಮ್ಮ ಕರಾವಳಿ ತೇವಕ್ಕೆ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ, ಆಗಾಗ ಬಿಚ್ಚಿ ನೋಡಿ.

ಕತ್ತಲಲ್ಲಿ ಹೊಳೆಯುವ ಸ್ಟಿಕ್ಕರ್ ಸಾಲದಾ ಅಂದರೆ, ಅದಕ್ಕೆ ಮೊದಲು ಬೆಳಕು ಬೀಳಬೇಕು. ಡ್ರಾಯರ್ ಒಳಗಿಟ್ಟ ಟಾರ್ಚಿಗೆ ಅದರಿಂದ ಪ್ರಯೋಜನ ಇಲ್ಲ.