ಆನ್‌ಲೈನ್ ಕ್ಲಾಸಿಗೆ ತಯಾರಿ: ಕ್ಯಾಮೆರಾ ಆಮೇಲೆ, ಮೊದ್ಲು ಮೈಕ್

ಈ ಟರ್ಮಿಂದ ಕನ್ನಡ ಎಂ.ಎ. ಸಂಜೆ ಕ್ಲಾಸು ವಿಡಿಯೋದಲ್ಲಿ ತಗೊಳ್ಳಿ ಅಂದಿದಾರೆ, ಏನೇನ್ ರೆಡಿ ಮಾಡ್ಕೋಬೇಕು ಅಂತ ಹೊಸದಾಗಿ ಪಾಠಕ್ಕೆ ಸೇರಿರೋ ಒಂದಿಬ್ರು ಕೇಳಿದ್ರು, ಒಬ್ಬೊಬ್ರಿಗೂ ಫೋನಲ್ಲಿ ಹೇಳೋ ಬದ್ಲು ಇಲ್ಲೇ ಬರೆದ್ಹಾಕ್ತೀನಿ. ಎಲ್ರೂ ಮೊದ್ಲು ಕೇಳೋದು ಯಾವ ವೆಬ್‌ಕ್ಯಾಮ್ ತಗೊಳ್ಳಿ, ರಿಂಗ್ ಲೈಟ್ ಬೇಕಾ ಅಂತ. ಬೇಡ ಮಾರಾಯ್ರೇ. ಮುಂಬೈಲಿ ಸಂಜೆ ಕ್ಲಾಸಿಗೆ ಬರೋರು ಯಾರು ಅಂತ ಸ್ವಲ್ಪ ಯೋಚ್ನೆ ಮಾಡಿ. ಬ್ಯಾಂಕಿಂದ, ಹೋಟೆಲ್ ಕೌಂಟರಿಂದ, ಸ್ಕೂಲಿಂದ ಹೊರಟು ಡೊಂಬಿವಲಿ ಲೋಕಲ್ ಟ್ರೈನಲ್ಲಿ ಒಂದ್ಕೈಲಿ ಹ್ಯಾಂಡಲ್ ಹಿಡ್ಕೊಂಡು ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡಿರೋರು, ಇಲ್ಲಾಂದ್ರೆ ಅಡುಗೆ ಮನೇಲಿ ಕುಕ್ಕರ್ ಇಟ್ಟು ಫೋನನ್ನ ಡಬ್ಬಕ್ಕೆ ಒರಗಿಸಿರೋರು. ಅವ್ರು ನಿಮ್ಮನ್ನ ನೋಡೋದು ಅಷ್ಟಕ್ಕಷ್ಟೆ, ಕೇಳ್ತಿರ್ತಾರೆ. ಹಾಗಾಗಿ ತಯಾರಿ ಎಲ್ಲ ಕಿವಿಗೆ ಆಗ್ಬೇಕು, ಕಣ್ಣಿಗೆ ಎರಡನೇ ಜಾಗ.

ಮೊದ್ಲು ರೂಮು. ನಮ್ಮ ಫ್ಲಾಟುಗಳಲ್ಲಿ ಟೈಲ್ಸ್ ನೆಲ, ಖಾಲಿ ಗೋಡೆ, ಮಾತಾಡಿದ್ರೆ ಬಾವಿಯೊಳಗಿಂದ ಮಾತಾಡ್ದಂಗೆ ಕೇಳುತ್ತೆ. ಬೆಡ್‌ರೂಮಲ್ಲಿ ಕೂತ್ಕೊಳ್ಳಿ, ಹಾಸಿಗೆ, ಪರದೆ, ಬಟ್ಟೆ ತುಂಬಿದ ಕಪಾಟಿನ ಬಾಗ್ಲು ತೆಗೆದಿಟ್ರೆ ಅವೇ ಗುಂಯ್‌ಗುಡೋದನ್ನ ಹೀರ್ಕೊಳ್ಳುತ್ತೆ, ದುಡ್ಡು ಖರ್ಚಿಲ್ಲ. ಮೈಕಿಗೆ ವೈರ್ ಇರೋ ಸಾಧಾರಣ ಇಯರ್‌ಫೋನ್ ಸಾಕು, ಬ್ಲೂಟೂತ್‌ದು ಮಧ್ಯದಲ್ಲಿ ಚಾರ್ಜ್ ಮುಗಿದು ಕೈ ಕೊಡುತ್ತೆ. ಮೈಕಿನ ತುಂಡು ಶರ್ಟಿನ ಕಾಲರಿಗೋ ಸೀರೆ ಸೆರಗಿಗೋ ಉಜ್ಜದ ಹಾಗೆ ನೋಡ್ಕೊಳ್ಳಿ, ಆ ಕರಕರ ಸದ್ದು ನಿಮಗೆ ಗೊತ್ತೇ ಆಗಲ್ಲ ಆದ್ರೆ ಕೇಳೋರಿಗೆ ತಲೆನೋವು. ಹಿಂದಿನ ದಿನ ಎರಡು ನಿಮಿಷ ರೆಕಾರ್ಡ್ ಮಾಡಿ ನೀವೇ ಇಯರ್‌ಫೋನಲ್ಲಿ ಕೇಳಿ. ಫ್ಯಾನ್ ಎಷ್ಟು ಜೋರಾಗಿ ಕೇಳ್ತಿದೆ ಅಂತ ಆಗ ಗೊತ್ತಾಗುತ್ತೆ.

ಕನ್ನಡ ಪಾಠ ಮಾಡೋರಿಗೆ ಇನ್ನೊಂದು ಮುಖ್ಯ ವಿಷಯ. ಝೂಮ್ ತಾನಾಗೇ ಸುತ್ತಲಿನ ಗಲಾಟೆ ಕಡಿಮೆ ಮಾಡುತ್ತೆ, ಮಾತಿಗೆ ಅದು ಒಳ್ಳೇದು, ಆದ್ರೆ ನೀವು ಆರು ಸಾಲಿನ ಷಟ್ಪದಿನ ರಾಗವಾಗಿ ಓದೋಕೆ ಶುರು ಮಾಡಿದ್ರೆ ಎಳೆದ ಸ್ವರಾನ ಗಲಾಟೆ ಅಂತ ತಿಳ್ಕೊಂಡು ಅಲ್ಲಲ್ಲಿ ನುಂಗಿಬಿಡುತ್ತೆ. ಆಡಿಯೋ ಸೆಟ್ಟಿಂಗಲ್ಲಿ ಒರಿಜಿನಲ್ ಸೌಂಡ್ ಅಂತ ಇದೆ, ವಾಚನದ ಹೊತ್ತಿಗೆ ಅದನ್ನ ಆನ್ ಮಾಡಿ ಮುಗಿದ ಮೇಲೆ ಆಫ್ ಮಾಡಿ. ಮತ್ತೆ, ಎಲ್ರೂ ಒಟ್ಟಿಗೆ ಓದೋಣ ಅನ್ನೋ ಅಭ್ಯಾಸ ಇದ್ರೆ ಇಲ್ಲಿ ಬಿಟ್ಬಿಡಿ. ಒಬ್ಬೊಬ್ರ ದನಿ ಒಂದೊಂದು ತಡದಲ್ಲಿ ಬಂದು ಸೇರುತ್ತೆ, ಸಂತೆ ಗದ್ದಲ ಆಗುತ್ತೆ ಅಷ್ಟೆ. ಒಬ್ರು ಓದ್ಲಿ, ಉಳಿದೋರು ಮ್ಯೂಟಲ್ಲಿದ್ದು ತಮ್ಮ ಮನೇಲೇ ಜೊತೆಗೆ ಓದ್ಕೊಳ್ಳಲಿ.

ನೆಟ್ ವಿಚಾರ. ಸ್ಪೀಡ್ ಟೆಸ್ಟಲ್ಲಿ ಎಲ್ರೂ ಡೌನ್‌ಲೋಡ್ ನೋಡಿ ಖುಷಿ ಪಡ್ತಾರೆ, ಪಾಠ ಮಾಡೋರಿಗೆ ಬೇಕಾಗಿರೋದು ಅಪ್‌ಲೋಡ್, ಅಂದ್ರೆ ನಮ್ಮಿಂದ ಹೊರಗೆ ಹೋಗೋ ಸ್ಪೀಡ್. ವಿಡಿಯೋಗೆ ಒಂದು ಎಂಬಿಪಿಎಸ್ ಆಸುಪಾಸು ಬೇಕು, ಬರೀ ದನಿಗೆ 60ರಿಂದ 80 ಕೆಬಿಪಿಎಸ್ ಸಾಕು, ಅಂದ್ರೆ ಗಂಟೆಗೆ ಸುಮಾರು 27ರಿಂದ 36 ಎಂಬಿ. ಈ ಲೆಕ್ಕಾನ ವಿದ್ಯಾರ್ಥಿಗಳಿಗೂ ಹೇಳಿ, ಡೇಟಾ ಪ್ಯಾಕ್ ಮುಗಿಯುತ್ತೆ ಅಂತ ಕ್ಲಾಸ್ ತಪ್ಪಿಸೋರು ತಮ್ಮ ವಿಡಿಯೋ ಜೊತೆಗೆ ಬೇರೆಯವ್ರಿಂದ ಬರೋ ವಿಡಿಯೋನೂ ಆಫ್ ಮಾಡ್ಕೊಂಡು ಕೂತ್ಕೋತಾರೆ. ಆಗೋದಾದ್ರೆ ರೌಟರಿಂದ ಲ್ಯಾಪ್‌ಟಾಪಿಗೆ ನೇರ ಕೇಬಲ್ ಎಳೀರಿ. ಮಳೆಗಾಲದಲ್ಲಿ ನಮ್ಮ ಕಡೆ ಕೇಬಲ್‌ನವ್ರ ಲೈನ್ ಯಾವಾಗ ಹೋಗುತ್ತೋ ದೇವರಿಗೇ ಗೊತ್ತು, ಅದಕ್ಕೆ ಫೋನಲ್ಲಿ ಬೇರೆ ಕಂಪನಿ ಸಿಮ್ ಇಟ್ಕೊಂಡು ಹಾಟ್‌ಸ್ಪಾಟ್ ಮೊದ್ಲೇ ಒಂದ್ಸಲ ಲ್ಯಾಪ್‌ಟಾಪಿಗೆ ಕನೆಕ್ಟ್ ಮಾಡಿಟ್ಟಿರಿ. ಮುಂಬೈಲಿ ಕರೆಂಟೇ ಹೋಗಲ್ಲ ಅನ್ನೋ ಧೈರ್ಯಾನೂ ಬೇಡ, 2020ರ ಅಕ್ಟೋಬರ್ 12ಕ್ಕೆ ಗ್ರಿಡ್ ಕೈಕೊಟ್ಟು ಬೆಳಗ್ಗೆ ಹತ್ತರ ಹೊತ್ತಿಗೆ ಲೋಕಲ್ ಟ್ರೈನುಗಳೇ ನಿಂತಿದ್ವು, ಆನ್‌ಲೈನ್ ಕ್ಲಾಸಿನ ಮಾತೇನು. ರೌಟರಿಗೆ ಅಂತಾನೇ ಚಿಕ್ಕ ಯುಪಿಎಸ್ ಸಿಗುತ್ತೆ, ಕಲ್ಯಾಣ ಬದ್ಲಾಪುರ ಕಡೆ ಇರೋರಿಗೆ ಅದು ಬೇಕೇಬೇಕು.

ಆಪ್ ಯಾವುದಾದ್ರೂ ಸರಿ, ಫ್ರೀ ಅಕೌಂಟಾದ್ರೆ ಟೈಮ್ ನೋಡ್ಕೊಳ್ಳಿ, ಝೂಮ್ 40 ನಿಮಿಷಕ್ಕೆ ಕಟ್ ಆಗುತ್ತೆ, ಗೂಗಲ್ ಮೀಟಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ರೆ 60 ನಿಮಿಷ, ಎರಡರಲ್ಲೂ 100 ಜನಕ್ಕೆ ಜಾಗ. ಕಾಲೇಜಿನ ಅಕೌಂಟ್ ಇದ್ರೆ ಅದನ್ನೇ ಕೇಳಿ ಈಸ್ಕೊಳ್ಳಿ. ಒಳಗೆ ಬರುವಾಗಲೇ ಮ್ಯೂಟ್, ಸ್ಕ್ರೀನ್ ಶೇರ್ ಹೋಸ್ಟಿಗೆ, ಅಂದ್ರೆ ಮೀಟಿಂಗ್ ನಡೆಸೋ ನಿಮಗೆ ಮಾತ್ರ, ಈ ಎರಡು ಸೆಟ್ ಮಾಡಿಡಿ, ಇಲ್ಲಾಂದ್ರೆ ಪಾಠದ ಮಧ್ಯೆ "ಪುಢೀಲ್ ಸ್ಟೇಷನ್ ಮುಲುಂಡ್" ಅಂತ ಯಾರದೋ ಟ್ರೈನಿನ ಅನೌನ್ಸ್‌ಮೆಂಟು ಎಲ್ರಿಗೂ ಕೇಳುತ್ತೆ. ಹೆಸರು ಬದಲಾಯಿಸ್ಕೊಳ್ಳೋಕೆ ಮೊದಲ ದಿನವೇ ಹೇಳ್ಕೊಡಿ, ರೆಡ್ಮಿ ನೋಟ್, ಪಪ್ಪಾ ಫೋನ್ ಅಂತೆಲ್ಲ ಇರೋ ಲಿಸ್ಟ್ ಇಟ್ಕೊಂಡು ಹಾಜರಿ ಹಾಕೋದು ಹೇಗೆ?

ನಾನು ತಪ್ಪದೇ ಮಾಡೋ ಕೆಲಸ ಅಂದ್ರೆ ಫೋನಿಂದ ಅದೇ ಮೀಟಿಂಗಿಗೆ ಇನ್ನೊಬ್ಬ ವಿದ್ಯಾರ್ಥಿ ಥರ ಮೊಬೈಲ್ ಡೇಟಾದಲ್ಲಿ ಸೇರ್ಕೊಳ್ಳೋದು. ಫೋನಿನ ಮೈಕೂ ಸ್ಪೀಕರೂ ಎರಡೂ ಬಂದ್ ಇರ್ಬೇಕು, ಇಲ್ಲಾಂದ್ರೆ ಕೂಗಾಟ ಶುರು. ಮಕ್ಕಳಿಗೆ ಏನು ಕಾಣ್ತಿದೆ ಅಂತ ಪಕ್ಕದಲ್ಲೇ ಕಾಣುತ್ತೆ, "ಸ್ಕ್ರೀನ್ ಕಾಣ್ತಿದ್ಯಾ, ಕೇಳಿಸ್ತಿದ್ಯಾ" ಅಂತ ಐದೈದು ನಿಮಿಷಕ್ಕೆ ಕೇಳೋದು ತಪ್ಪುತ್ತೆ.

ಸ್ಲೈಡು. ಆರಿಂಚಿನ ಫೋನಲ್ಲಿ ಓದೋರಿಗೆ ಅಂತ ಮಾಡಿ, ಅಕ್ಷರ 28ಕ್ಕಿಂತ ಕಡಿಮೆ ಬೇಡ, ಒಂದ್ ಸ್ಲೈಡಿಗೆ ಒಂದು ಪದ್ಯ. ಹಳೇ ನುಡಿ, ಬರಹ ಫಾಂಟಲ್ಲಿ ಟೈಪ್ ಮಾಡಿದ ನೋಟ್ಸು ಹಾಗೇ ಕಳಿಸಿದ್ರೆ ಆ ಫಾಂಟ್ ಇಲ್ಲದೋರಿಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತೆ, ಎಲ್ಲ ಫೋನಲ್ಲೂ ಕಾಣೋ ಯುನಿಕೋಡಿಗೆ ಬದಲಾಯಿಸಿ ಪಿಡಿಎಫ್ ಮಾಡಿ ಕಳಿಸಿ. ಕ್ಲಾಸಿಗೆ ಒಂದಿನ ಮುಂಚೆನೇ ವಾಟ್ಸಾಪಲ್ಲಿ ಹೋಗಿರ್ಲಿ, ನೆಟ್ ಹೋದ್ರೂ ಪದ್ಯ ಕೈಲಿರುತ್ತೆ. ಇಡೀ ಸ್ಕ್ರೀನ್ ಶೇರ್ ಮಾಡ್ಬೇಡಿ, ಆ ಒಂದು ವಿಂಡೋ ಮಾತ್ರ ಮಾಡಿ, ವಾಟ್ಸಾಪ್ ವೆಬ್ ಕ್ಲೋಸ್ ಮಾಡಿ, ಮನೆ ಗ್ರೂಪಿನ ಮೆಸೇಜು ಇಡೀ ಕ್ಲಾಸು ಓದೋದು ಬೇಡ.

ಛಂದಸ್ಸಿಗೆ ಮಾತ್ರ ಸ್ಲೈಡ್ ನಡೆಯಲ್ಲ, ಇದು ನನ್ನ ಖಡಾಖಂಡಿತ ಅಭಿಪ್ರಾಯ. ಪ್ರಸ್ತಾರ, ಅಂದ್ರೆ ಅಕ್ಷರದ ಮೇಲೆ ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರು ಅನ್ನೋ ಗುರುತು ಹಾಕಿ ಮುಗಿಸಿದ ಸ್ಲೈಡ್ ತೋರಿಸಿದ್ರೆ ಯಾರಿಗೂ ತಲೆಗೆ ಹೋಗಲ್ಲ, ಕೈ ಒಂದೊಂದೇ ಲಘು ಗುರು ಹಾಕೋದು ಕಾಣ್ಬೇಕು. ಎರಡು ಸ್ಟೀಲ್ ಡಬ್ಬದ ಮೇಲೆ ಅಡ್ಡ ಒಂದು ಸ್ಕೇಲ್ ಇಟ್ಟು ಫೋನಿನ ಕ್ಯಾಮೆರಾ ಕೆಳಗೆ ನೋಡೋ ಹಾಗೆ ಕೂರಿಸಿ, ಕೆಳಗೆ ಬಿಳಿ ಹಾಳೆ, ದಪ್ಪ ಮಾರ್ಕರ್ ಪೆನ್. ಭಾಮಿನಿ ಷಟ್ಪದಿಯ ಒಂದು ಸಾಲು ಬರೆದು ಮೂರು ಮಾತ್ರೆ ಬಾಯಲ್ಲಿ ಎಣಿಸಿ ಗೀಟು, ನಾಲ್ಕು ಎಣಿಸಿ ಗೀಟು, ಮತ್ತೆ ಮೂರು, ನಾಲ್ಕು. ಮೂರನೇ ಸಾಲಿಗೆ ಬಂದಾಗ ಇನ್ನೊಂದು ಮೂರು ನಾಲ್ಕು ಸೇರಿ ಕೊನೇಲಿ ಒಂದು ಗುರು ಉಳಿಯುತ್ತೆ, ಅದನ್ನ ನೀವು ಹಾಕ್ಬೇಡಿ, ಪೆನ್ ಎತ್ತಿ ಸುಮ್ನೆ ಕಾಯಿರಿ. ಹಾಳೆ ನೋಡೋಕಾಗದೆ ಟ್ರೈನಲ್ಲಿರೋರಿಗೂ ಆ ಬಾಯಿ ಎಣಿಕೆ ಸಾಕು, ಅವ್ರೇ ಮೊದ್ಲು ಉತ್ತರ ಹೇಳಿದ್ರೂ ಹೇಳ್ಬಹುದು.

ಕಾಯೋದೂ ತಯಾರಿನೇ. ಪ್ರಶ್ನೆ ಕೇಳಿದ ಮೇಲೆ ಅವ್ರು ಅನ್‌ಮ್ಯೂಟ್ ಬಟನ್ ಹುಡುಕಿ ಒತ್ಬೇಕು, ಮನಸಲ್ಲೇ ಹತ್ತು ಎಣಿಸಿ. ಯಾರಿಗಾದ್ರೂ ಗೊತ್ತಾ ಅಂದ್ರೆ ಯಾರೂ ಬಾಯಿ ಬಿಡಲ್ಲ, ಹೆಸರು ಹಿಡಿದು ಕೇಳಿ, ಆದ್ರೆ ಕ್ಯಾಮೆರಾ ಆನ್ ಮಾಡಿ ಅಂತ ಜಬರ್ದಸ್ತಿ ಮಾಡ್ಬೇಡಿ, ಚಾಳಿನ ಒಂದೇ ಖೋಲೀಲಿ ಐದು ಜನ ಇರೋ ಮನೆಗಳಿವೆ. ಚಾಟಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದ್ರೂ ಒಪ್ಕೊಳ್ಳಿ, ಮರಾಠಿ ಮೀಡಿಯಮಲ್ಲಿ ಓದಿ ಈಗ ಎಂ.ಎ.ಗೆ ಬಂದಿರೋರಿಗೆ ಫೋನಲ್ಲಿ ಒತ್ತಕ್ಷರ ಟೈಪ್ ಮಾಡೋದು ಸುಲಭ ಅಲ್ಲ. ಹೋಟೆಲಲ್ಲಿ ದುಡ್ಕೊಂಡು ಕನ್ನಡ ರಾತ್ರಿ ಶಾಲೇಲಿ ಓದಿ ಮೇಲೆ ಬಂದೋರ ಊರಿದು, ಸಮಯ ಸಂದರ್ಭ ನೋಡಿ ಪಾಠ ಮಾಡೋದು ಇಲ್ಲಿನ ಮೇಷ್ಟ್ರುಗಳಿಗೆ ಹೊಸದೇನಲ್ಲ.

ಪಾಠದ ಅಳತೆ: ಕ್ಲಾಸ್‌ರೂಮಲ್ಲಿ ಒಂದ್ಗಂಟೇಲಿ ಮುಗಿಸ್ತಿದ್ದಿದ್ರ ಅರ್ಧ ಇಟ್ಕೊಳ್ಳಿ. ಹದಿನೈದು ನಿಮಿಷ ಮಾತು, ಆಮೇಲೆ ಅವ್ರ ಕೈಲಿ ಏನಾದ್ರೂ ಓದಿಸೋದೋ ಕೇಳೋದೋ, ಮತ್ತೆ ಹದಿನೈದು. ಹಾಜರಿಗೆ ಹೆಸರು ಕೂಗ್ತಾ ಕೂರ್ಬೇಡಿ, ಮಧ್ಯದಲ್ಲಿ ಒಂದು ಪ್ರಶ್ನೆಗೆ ಚಾಟಲ್ಲಿ ಉತ್ತರ ಹಾಕಿಸಿದ್ರೆ ಅದೇ ಹಾಜರಿ.

ರೆಕಾರ್ಡ್ ಮಾಡೋದಾದ್ರೆ ಶುರುವಲ್ಲೇ ಹೇಳಿ ಒಪ್ಪಿಗೆ ತಗೊಳ್ಳಿ. ಝೂಮಲ್ಲಿ ಕಂಪ್ಯೂಟರಿಗೆ ರೆಕಾರ್ಡ್ ಮಾಡಿದ್ರೆ ವಿಡಿಯೋ ಫೈಲಿನ ಜೊತೆಗೆ ಬರೀ ಆಡಿಯೋದೂ ಒಂದು ಬರುತ್ತೆ, ಎಂ4ಎ ಅಂತ ಇರುತ್ತೆ. ವಿಡಿಯೋ ಯಾರೂ ಡೌನ್‌ಲೋಡ್ ಮಾಡಲ್ಲ, ಈ ಚಿಕ್ಕದನ್ನ ಪದ್ಯದ ಮೊದಲ ಸಾಲಿನ ಹೆಸರಿಟ್ಟು ಗ್ರೂಪಿಗೆ ಹಾಕಿ, ಪರೀಕ್ಷೆ ಹತ್ರ ಬಂದಾಗ ಹುಡುಕೋರು ಅದೇ ಸಾಲು ಟೈಪ್ ಮಾಡಿ ಹುಡುಕ್ತಾರೆ. ಮತ್ತೆ ಹೊರಡುವಾಗ ಬರೀ ಲೀವ್ ಒತ್ಬೇಡಿ, ಎಂಡ್ ಫಾರ್ ಆಲ್ ಒತ್ತಿ, ಇಲ್ಲಾಂದ್ರೆ ನೀವಿಲ್ಲದ ಮೀಟಿಂಗಲ್ಲಿ ಅವ್ರ ಹರಟೆ ನಡೀತಾನೇ ಇರುತ್ತೆ.