ಮಳೆಯ ಲೆಕ್ಕ ಬರೆಯಲು ಎಷ್ಟು ಗುಂಡಿ ಒತ್ತಬೇಕು?

ಕೊಡಗಿನ ಕಾಫಿ ಬೆಳೆಗಾರರ ಸಂಘದ ಜಾಲತಾಣವನ್ನು ನಾನು ಮೊದಲ ಬಾರಿ ತೆರೆದು ನೋಡಿದ್ದು ಜೂನ್ ತಿಂಗಳ ಮಳೆಯಲ್ಲಿ. ಮುಖಪುಟದಲ್ಲಿ ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಶುಭಾಶಯವಿತ್ತು. ಕಳೆದ ಹುತ್ತರಿಯದ್ದಲ್ಲ, ಅದರ ಹಿಂದಿನದು. ಕಾಫಿ ದರದ ಪುಟವೂ ಆ ಕಾಲದಲ್ಲೇ ನಿಂತಿತ್ತು. "ಹೊಸ ಜಾಲತಾಣ ಮಾಡಿಕೊಡಿ" ಎಂದ ಕಾರ್ಯದರ್ಶಿಯವರನ್ನು "ಹಳೆಯದಕ್ಕೆ ಏನಾಗಿದೆ ಸರ್?" ಎಂದು ಕೇಳಿದೆ. ಸೇನೆಯಿಂದ ನಿವೃತ್ತರಾದವರು, ಮಾತು ನೇರ. "ಅದನ್ನು ಮಾಡಿದವರನ್ನು ಬಿಟ್ಟರೆ ಬೇರೆ ಯಾರಿಗೂ ಅದರೊಳಗೆ ಒಂದು ಸಾಲು ಬರೆಯಲು ಬರುವುದಿಲ್ಲ" ಎಂದರು.

ಮಡಿಕೇರಿಯಲ್ಲಿದ್ದುಕೊಂಡು ಜಾಲತಾಣಗಳನ್ನು ಕಟ್ಟಿಕೊಡುವುದು ನನ್ನ ಕೆಲಸ. ಜಾಲತಾಣದೊಳಗೆ ಬರೆಯಲು, ತಿದ್ದಲು ಬಳಸುವ ತಂತ್ರಾಂಶ ವ್ಯವಸ್ಥೆಗಳು ಹಲವಿವೆ. ಅಲ್ಲಿಯವರೆಗೆ ಯಾವ ವ್ಯವಸ್ಥೆ ಒಳ್ಳೆಯದು ಎಂಬುದನ್ನು ಸೌಲಭ್ಯಗಳ ಪಟ್ಟಿ ಮುಂದಿಟ್ಟುಕೊಂಡು ನಾನೇ ತೀರ್ಮಾನಿಸುತ್ತಿದ್ದೆ. ಅಂದು ಕಾರ್ಯದರ್ಶಿಯವರ ಮಾತು ಕೇಳಿದ ಮೇಲೆ ಆ ಪಟ್ಟಿಯನ್ನು ಬದಿಗಿಟ್ಟೆ. ಬಳಕೆಯ ಸುಲಭತೆಯನ್ನು ವಿವರಿಸುವ ಐಎಸ್‌ಒ 9241-11 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ, 1998ರಲ್ಲಿ ಮೊದಲು ಬಂದದ್ದು. ಒಂದು ಸಾಧನ ಸುಲಭವೇ ಎಂದು ಸುಮ್ಮನೆ ಕೇಳುವಂತಿಲ್ಲ. ಯಾರಿಗೆ, ಯಾವ ಕೆಲಸಕ್ಕೆ, ಯಾವ ಸನ್ನಿವೇಶದಲ್ಲಿ ಎಂದು ಮೊದಲು ಹೇಳಬೇಕು ಎಂಬುದು ಅದರ ಸಾರ. ನಮ್ಮ ಸನ್ನಿವೇಶ ಸ್ಪಷ್ಟವಾಗಿತ್ತು: ಮಳೆಗಾಲ, ಹೇಳದೆ ಕೇಳದೆ ಹೋಗುವ ವಿದ್ಯುತ್, ತೋಟದ ಒಂದು ಮೂಲೆಯಲ್ಲಿ ಮಾತ್ರ ಸಿಗುವ ನೆಟ್‌ವರ್ಕ್, ಮತ್ತು ಕನ್ನಡದಲ್ಲಿ ಬರೆಯುವ ಜನ.

ಮೂರು ವ್ಯವಸ್ಥೆಗಳನ್ನು ಆರಿಸಿಕೊಂಡೆ: ವರ್ಡ್‌ಪ್ರೆಸ್, ಡ್ರುಪಲ್, ಜೂಮ್ಲಾ. ಮೂರೂ ಮುಕ್ತ ತಂತ್ರಾಂಶಗಳು, ಮೂರನ್ನೂ ಹೆಚ್ಚುವರಿ ಜೋಡಣೆಗಳಿಲ್ಲದೆ ಅನುಸ್ಥಾಪಿಸಿದೆ. ಬರೆಯುವವರು ಐವರು: ಕಾರ್ಯದರ್ಶಿಯವರು, ಸಿದ್ದಾಪುರದ ಕಡೆಯ ತೋಟವೊಂದರ ರೈಟರ್ (ಲೆಕ್ಕಪತ್ರ ಬರೆಯುವ ಗುಮಾಸ್ತರು), ನಾಪೋಕ್ಲು ಬಳಿ ಹೋಂಸ್ಟೇ ನಡೆಸುವ ಅಕ್ಕ, ಸೋಮವಾರಪೇಟೆಯ ಯುವ ಬೆಳೆಗಾರ, ಪೊನ್ನಂಪೇಟೆಯ ಒಬ್ಬಳು ವಿದ್ಯಾರ್ಥಿನಿ. ಐವರೇ ಏಕೆಂದರೆ, ಬಳಕೆಯ ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್ ಅವರ ಲೆಕ್ಕದಂತೆ ಒಬ್ಬ ಬಳಕೆದಾರನಿಂದ ಸರಾಸರಿ ಶೇ 31ರಷ್ಟು ತೊಡಕುಗಳು ಹೊರಬೀಳುತ್ತವೆ, ಐವರನ್ನು ಕೂರಿಸಿದರೆ ಸುಮಾರು ಶೇ 85. ಆದರೆ ಈ ಲೆಕ್ಕ ಸರಿಹೋಗುವುದು ಐವರೂ ಒಂದೇ ಬಗೆಯವರಾಗಿದ್ದಾಗ. ನಮ್ಮಲ್ಲಿ ರೈಟರ್ ಎಡವಿದ ಕಡೆ ಹೋಂಸ್ಟೇ ಅಕ್ಕ ಎಡವಲಿಲ್ಲ, ಅವರು ನಿಂತ ಕಡೆ ವಿದ್ಯಾರ್ಥಿನಿ ನಿಲ್ಲಲಿಲ್ಲ. ಐದು ಎಂಬ ಸಂಖ್ಯೆಯನ್ನು ಅಂದಿನಿಂದ ನಾನು ಆರಂಭವೆಂದಷ್ಟೇ ನೋಡುತ್ತೇನೆ.

ಕೊಟ್ಟ ಕೆಲಸಗಳು ಐದು. ನಿನ್ನೆಯ ಮಳೆಯ ಲೆಕ್ಕ ಹಾಕುವುದು, ಕಾಫಿ ದರ ತಿದ್ದುವುದು, ಮೊಬೈಲಿನಿಂದ ಒಂದು ಚಿತ್ರ ಸೇರಿಸುವುದು, ಹಳೆಯ ಹುತ್ತರಿ ಶುಭಾಶಯ ತೆಗೆಯುವುದು, ತಪ್ಪಿ ತೆಗೆದದ್ದನ್ನು ಮರಳಿ ತರುವುದು. ಇವನ್ನು ಚೀಟಿಯಲ್ಲಿ ಬರೆಯುವಾಗಲೇ ಒಂದು ಎಚ್ಚರಿಕೆ ಬೇಕಾಯಿತು. "ಪಬ್ಲಿಷ್ ಮಾಡಿ" ಎಂದು ಬರೆದರೆ ಪರದೆಯ ಮೇಲೆ ಅದೇ ಪದವನ್ನು ಹುಡುಕುತ್ತಾರೆ, ಪರೀಕ್ಷೆಯೇ ಕೆಡುತ್ತದೆ. ಹಾಗಾಗಿ "ನಿನ್ನೆಯ ಮಳೆ ಎಷ್ಟೆಂಬುದು ಸದಸ್ಯರೆಲ್ಲರಿಗೂ ಕಾಣುವಂತೆ ಮಾಡಿ" ಎಂದು ಬರೆದೆ. ಮೊದಲ ವ್ಯವಸ್ಥೆಯಲ್ಲಿ ಕಲಿತದ್ದು ಎರಡನೆಯದರಲ್ಲಿ ಕೈಹಿಡಿಯುವುದರಿಂದ ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ಕೊಟ್ಟೆ. ದಿನಕ್ಕೆ ಒಂದೇ ವ್ಯವಸ್ಥೆ, ಅವರ ಮನೆಯಲ್ಲೇ, ಅವರದೇ ಮೊಬೈಲ್ ಅಥವಾ ಕಂಪ್ಯೂಟರಿನಲ್ಲಿ.

ನನ್ನ ಪಾಲಿನ ಕಷ್ಟವೆಂದರೆ ಸುಮ್ಮನೆ ಕೂರುವುದು. ತಪ್ಪು ಗುಂಡಿಯತ್ತ ಬೆರಳು ಹೋಗುವಾಗ ಬಾಯಿ ತೆರೆಯದಿರುವುದು ಸುಲಭವಲ್ಲ. ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಹೋಗಿ ಎಂದು ಮೊದಲೇ ಕೇಳಿಕೊಂಡಿದ್ದೆ. ಹೋಂಸ್ಟೇ ಅಕ್ಕ ಹೇಳುತ್ತಲೇ ಇದ್ದರು, ರೈಟರ್ ತುಟಿ ಬಿಚ್ಚಲಿಲ್ಲ. ಎರಡನೆಯ ದಿನ ಅವರ ಪಕ್ಕದಲ್ಲಿ ವಿದ್ಯಾರ್ಥಿನಿಯನ್ನು ಕೂರಿಸಿದೆ. "ಅಂಕಲ್, ಇದು ಯಾಕೆ ಒತ್ತಿದಿರಿ?" ಎಂದು ಅವಳು ಕೇಳುತ್ತ ಹೋದಳು, ಅವರು ವಿವರಿಸುತ್ತ ಹೋದರು. ಮೌನಿಗಳ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಈವರೆಗೂ ಸಿಕ್ಕಿಲ್ಲ.

ಮೊದಲ ದೊಡ್ಡ ತೊಡಕು ಮೂರರಲ್ಲೂ ಒಂದೇ ಆಗಿತ್ತು, ಅದು ಆ ವ್ಯವಸ್ಥೆಗಳದ್ದೂ ಅಲ್ಲ. ಕಾರ್ಯದರ್ಶಿಯವರ ಸೂಚನೆಗಳೆಲ್ಲ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪಾಗಿದ್ದವು. ಅಲ್ಲಿಂದ ನಕಲು ಮಾಡಿ ಇಲ್ಲಿ ಅಂಟಿಸಿದ ಕೂಡಲೇ ಕನ್ನಡ ಮಾಯವಾಗಿ, ರೋಮನ್ ಅಕ್ಷರಗಳೂ ತಲೆಯ ಮೇಲೆ ಗೆರೆ ಹೊತ್ತ ಚಿಹ್ನೆಗಳೂ ಸಾಲುಗಟ್ಟಿದವು. ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಅಕ್ಷರಶೈಲಿಯಲ್ಲಿ ಕನ್ನಡವೆಂಬುದು ರೋಮನ್ ಸಂಕೇತಗಳ ಮೇಲೆ ಹೊದಿಸಿದ ಚಿತ್ರ ಮಾತ್ರ. ಹೊದಿಕೆ ಜಾರಿದರೆ ಒಳಗಿನದು ಕಾಣುತ್ತದೆ. ಅವರು ಕೆಲಹೊತ್ತು ಪರದೆಯನ್ನೇ ನೋಡಿ, "ನಾನೇನೋ ಹಾಳು ಮಾಡಿದೆ" ಎಂದರು. ಏನೂ ತಪ್ಪು ಮಾಡದವರು ತಪ್ಪನ್ನು ತಮ್ಮ ಮೇಲೆ ಹೊತ್ತುಕೊಂಡದ್ದು ನನಗೆ ಬಹಳ ನೋವು ತಂದಿತು. ನನ್ನ ಟಿಪ್ಪಣಿಯಲ್ಲಿ ಅದಕ್ಕೆ ತೀವ್ರತೆ 4 ಎಂದು ಬರೆದೆ. ಸೊನ್ನೆಯಿಂದ ನಾಲ್ಕರವರೆಗಿನ ನೀಲ್ಸನ್ ಅಳತೆಯಲ್ಲಿ ನಾಲ್ಕೆಂದರೆ ಸರಿಪಡಿಸದೆ ಬಳಕೆಗೆ ಬಿಡುವಂತಿಲ್ಲ.

ವರ್ಡ್‌ಪ್ರೆಸ್‌ನಲ್ಲಿ ಎಲ್ಲರೂ ಬೇಗ ಬರೆದರು, ಆದರೆ ಮೂವರ ಬರಹ ಹೊರಗೆ ಕಾಣಲೇ ಇಲ್ಲ. 2018ರ ಡಿಸೆಂಬರಿನಲ್ಲಿ ಬಂದ 5.0 ಆವೃತ್ತಿಯ ಬ್ಲಾಕ್ ಸಂಪಾದಕ ಎಂಬ ಬರೆಯುವ ಪರದೆಯಲ್ಲಿ ಪಬ್ಲಿಷ್ ಎಂದು ಒತ್ತಿದರೆ ಬದಿಯಲ್ಲೊಂದು ಫಲಕ ತೆರೆದು, ಅಲ್ಲಿ ಇನ್ನೊಂದು ಪಬ್ಲಿಷ್ ಗುಂಡಿ ಕಾಯುತ್ತಿರುತ್ತದೆ. ಮೊದಲನೆಯದನ್ನು ಒತ್ತಿದವರು ಕೆಲಸ ಮುಗಿಯಿತೆಂದು ಮೊಬೈಲ್ ಕೆಳಗಿಟ್ಟರು. ಡ್ರುಪಲ್‌ನಲ್ಲಿ ಈ ಹೆಜ್ಜೆ ಸರಳ: ಸೇವ್ ಒತ್ತಿದರೆ ಬರಹ ಹೊರಗೆ ಬಂದೇಬಿಡುತ್ತದೆ. ಆದರೆ ಅಳಿಸುವಾಗ ಅದು "ಇದನ್ನು ಹಿಂದಕ್ಕೆ ಪಡೆಯಲಾಗದು" ಎಂದು ಎಚ್ಚರಿಸುತ್ತದೆ, ಮತ್ತು ಮೂಲ ವ್ಯವಸ್ಥೆಯಲ್ಲಿ ನಿಜಕ್ಕೂ ಹಾಗೆಯೇ. ಆ ಸಾಲನ್ನು ಓದಿ ರೈಟರ್ ಕೈ ಹಿಂದೆಗೆದರು. ಕೂಲಿಯಾಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲ್‌ನಲ್ಲಿ ಹೆಸರು ಹೊಡೆದುಹಾಕಿದರೂ ಕೆಳಗಿರುವುದು ಓದಿಸಿಕೊಳ್ಳಬೇಕು ಎಂಬ ಶಿಸ್ತಿನಲ್ಲಿ ಬೆಳೆದವರು ಅವರು. ವರ್ಡ್‌ಪ್ರೆಸ್‌ನ ಕಸದಬುಟ್ಟಿ ತೆಗೆದದ್ದನ್ನು 30 ದಿನ ಇಟ್ಟುಕೊಳ್ಳುತ್ತದೆ ಎಂದು ತಿಳಿದಾಗ ಅವರ ಮುಖದಲ್ಲಿ ನೆಮ್ಮದಿ ಕಂಡಿತು.

ನಿರ್ಣಯವನ್ನು ತಿರುಗಿಸಿದ್ದು ಮಾತ್ರ ನಾಪೋಕ್ಲುವಿನ ಒಂದು ಮಧ್ಯಾಹ್ನ. ಅಕ್ಕ ಜೂಮ್ಲಾದಲ್ಲಿ ದರ ತಿದ್ದುತ್ತಿದ್ದರು. ಹೊರಗೆ ಮಳೆ ಹೊಡೆಯುತ್ತಿತ್ತು. ವಿದ್ಯುತ್ ಹೋಯಿತು, ಕಂಪ್ಯೂಟರ್ ಆರಿತು. ಒಂದು ಗಂಟೆಯ ನಂತರ ಮತ್ತೆ ತೆರೆದರೆ ಆ ಬರಹದ ಪಕ್ಕದಲ್ಲಿ ಬೀಗದ ಚಿಹ್ನೆ. ಜೂಮ್ಲಾದಲ್ಲಿ ಒಬ್ಬರು ತಿದ್ದಲು ತೆರೆದ ಬರಹ ಅವರ ಹೆಸರಿಗೆ ಬಿಗಿಯಾಗಿರುತ್ತದೆ. ಸರಿಯಾಗಿ ಮುಚ್ಚದೆ ಹೊರಬಂದರೆ ಬೀಗ ಉಳಿದುಕೊಳ್ಳುತ್ತದೆ, ಅದನ್ನು ಬಿಡಿಸಲು ಚೆಕ್ ಇನ್ ಎಂಬ ಬೇರೆಯದೇ ಹೆಜ್ಜೆ ಬೇಕು. ಇಬ್ಬರು ಒಂದೇ ಬರಹವನ್ನು ತಿದ್ದಿ ಕೆಡಿಸಬಾರದೆಂಬ ಒಳ್ಳೆಯ ಉದ್ದೇಶದ ಏರ್ಪಾಡು ಅದು. ಆದರೆ ಅಕ್ಕನಿಗೆ ಕಂಡದ್ದು ಬೀಗ ಮಾತ್ರ. "ನನ್ನನ್ನು ಹೊರಗೆ ಹಾಕಿದರಾ?" ಎಂದು ಕೇಳಿದರು. ಡ್ರುಪಲ್‌ನ ಮೂಲ ವ್ಯವಸ್ಥೆಯಲ್ಲಿ ತಾನಾಗಿ ಉಳಿಸಿಕೊಳ್ಳುವ ಏರ್ಪಾಡಿಲ್ಲ, ಬರೆದದ್ದು ಹೋದಂತೆಯೇ. ವರ್ಡ್‌ಪ್ರೆಸ್ 60 ಸೆಕೆಂಡಿಗೊಮ್ಮೆ ಸರ್ವರಿನಲ್ಲೂ, ಅದಕ್ಕಿಂತ ಬೇಗಬೇಗನೆ ಬ್ರೌಸರಿನಲ್ಲೂ ಉಳಿಸಿಕೊಳ್ಳುತ್ತದೆ. ಕಂಪ್ಯೂಟರಿನ ಪ್ಲಗ್ಗನ್ನು ನಾನೇ ಕಿತ್ತು ಇದನ್ನು ಮತ್ತೆ ಪರೀಕ್ಷಿಸಿದೆ. ಕೊಡಗಿನ ಜುಲೈಯಲ್ಲಿ ಇದು ಚಿಕ್ಕ ವಿಷಯವಲ್ಲ.

ಕೊನೆಯಲ್ಲಿ ಎಸ್‌ಯುಎಸ್ (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್) ಎಂಬ, ಬಳಕೆಯ ಸುಲಭತೆಯನ್ನು ಅಳೆಯುವ ಪ್ರಶ್ನಾವಳಿ ಕೊಟ್ಟೆ. 1986ರಲ್ಲಿ ಜಾನ್ ಬ್ರೂಕ್ ರೂಪಿಸಿದ ಹತ್ತು ಹೇಳಿಕೆಗಳು, ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಗುರುತು. ಬೆಸಸಂಖ್ಯೆಯ ಹೇಳಿಕೆಗಳಲ್ಲಿ ಗುರುತಿನಿಂದ ಒಂದನ್ನು ಕಳೆದು, ಸಮಸಂಖ್ಯೆಯವುಗಳಲ್ಲಿ ಗುರುತನ್ನು ಐದರಿಂದ ಕಳೆದು, ಎಲ್ಲವನ್ನೂ ಕೂಡಿಸಿ 2.5ರಿಂದ ಗುಣಿಸಿದರೆ ನೂರರೊಳಗಿನ ಅಂಕ. 68 ಸರಾಸರಿ ಎನ್ನುತ್ತಾರೆ. ಎಂಟನೆಯ ಹೇಳಿಕೆಯಲ್ಲಿರುವ ಇಂಗ್ಲಿಷ್ ಪದಕ್ಕೆ "ಬಳಸಲು ಕಿರಿಕಿರಿ" ಎಂದು ಕನ್ನಡ ಮಾಡುವಷ್ಟರಲ್ಲಿ ಒಂದು ಸಂಜೆ ಹೋಯಿತು. ಇಷ್ಟೆಲ್ಲ ಮಾಡಿದರೂ ಅಂಕಗಳು ನನಗೆ ನೆರವಾಗಲಿಲ್ಲ. ಐದರಲ್ಲಿ ಮೂರು ಕೆಲಸ ಮುಗಿಸಲಾಗದವರೂ ಕೈತುಂಬ ಅಂಕ ಕೊಟ್ಟಿದ್ದರು. ಮನೆಗೆ ಬಂದವನಿಗೆ ಕಾಫಿ ಕೊಟ್ಟು ಕೂರಿಸಿದ ಜನ, ಅವನು ತಂದದ್ದನ್ನು ಚೆನ್ನಾಗಿಲ್ಲ ಎನ್ನುವುದು ಹೇಗೆ? ಹಾಗಾಗಿ ಅಂಕವನ್ನು ಬಿಟ್ಟು, ಒಬ್ಬರೇ ಮುಗಿಸಿದರು, ಕೇಳಿ ಮುಗಿಸಿದರು, ಮುಗಿಸಲಿಲ್ಲ ಎಂಬ ನನ್ನ ಮೂರು ಕಂಬಸಾಲುಗಳನ್ನೇ ನಂಬಿದೆ.

ವರ್ಡ್‌ಪ್ರೆಸ್ ಆಯ್ಕೆಯಾಯಿತು, ಆದರೆ ಹಾಗೆಯೇ ಅಲ್ಲ. ಎರಡನೆಯ ಪಬ್ಲಿಷ್ ಫಲಕ ಯಾರ ಖಾತೆಯಲ್ಲೂ ತೆರೆಯದಂತೆ ಮಾಡಿದೆ. ಅವರಿಗೆ ಬೇಡದ ಮೆನುಗಳನ್ನು ಮರೆಮಾಡಿದೆ. ನುಡಿಯಿಂದ ಅಂಟಿಸಿದ್ದನ್ನು ಯೂನಿಕೋಡಿಗೆ ಬದಲಿಸುವ ಒಂದು ಪೆಟ್ಟಿಗೆಯನ್ನು ಸಂಪಾದಕದ ಪಕ್ಕದಲ್ಲೇ ಇಟ್ಟೆ. ಬರಹಗಳ ಕೊಂಡಿಗಳಲ್ಲಿ (ಲಿಂಕ್) ಶೀರ್ಷಿಕೆಯ ಬದಲು ಅಂಕಿ ಬರುವಂತೆ ಮಾಡಿದೆ, ಏಕೆಂದರೆ ಕನ್ನಡದ ಒಂದೊಂದು ಸಂಕೇತವೂ ಕೊಂಡಿಯಲ್ಲಿ ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ. ಮಡಿಕೇರಿ ಎಂಬ ಹೆಸರೊಂದೇ 63 ಚಿಹ್ನೆ ತಿನ್ನುತ್ತದೆ. ವರ್ಡ್‌ಪ್ರೆಸ್ 200 ಚಿಹ್ನೆಗೆ ಕತ್ತರಿಸುವುದರಿಂದ ಉದ್ದದ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಅಂಥ ಕೊಂಡಿ ಬಂದರೆ ಯಾರಾದರೂ ವೈರಸ್ ಎಂದೇ ಹೆದರುತ್ತಾರೆ.

ಮಳೆಯ ಲೆಕ್ಕದ ವಿಷಯ ಬೇರೆ. ಇಲ್ಲಿ ಮಳೆಯನ್ನು ಇಂಚು, ಸೆಂಟ್ಸ್‌ಗಳಲ್ಲಿ ಹೇಳುತ್ತಾರೆ. ಇಂಚಿನ ನೂರರಲ್ಲೊಂದು ಭಾಗ ಒಂದು ಸೆಂಟ್. ಪರೀಕ್ಷೆಯಲ್ಲಿ ಸೋಮವಾರಪೇಟೆಯ ಬೆಳೆಗಾರ 1.5 ಎಂದು ಬರೆದರು, ರೈಟರ್ ಕೂಡ 1.5 ಎಂದೇ ಬರೆದರು. ಒಬ್ಬರ ಅರ್ಥ ಒಂದು ಇಂಚು 50 ಸೆಂಟ್ಸ್, ಇನ್ನೊಬ್ಬರದ್ದು ಒಂದು ಇಂಚು ಐದು ಸೆಂಟ್ಸ್. ನಾನು ಪಕ್ಕದಲ್ಲಿದ್ದು ಕೇಳದಿದ್ದರೆ ಈ ವ್ಯತ್ಯಾಸ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಇಂಚಿಗೊಂದು, ಸೆಂಟ್ಸ್‌ಗೊಂದು ಎಂದು ಎರಡು ಚೌಕ ಮಾಡುವುದೇ ಪರಿಹಾರ. ಈ ಬಗೆಯ ಚೌಕಗಳನ್ನು ಡ್ರುಪಲ್ ತನ್ನ ಮೂಲದಲ್ಲೇ ಸೊಗಸಾಗಿ ಕೊಡುತ್ತದೆ, ವರ್ಡ್‌ಪ್ರೆಸ್‌ನಲ್ಲಿ ಪ್ಲಗಿನ್ ಎಂಬ ಹೆಚ್ಚುವರಿ ತಂತ್ರಾಂಶ ಜೋಡಿಸಬೇಕಾಯಿತು. ಆ ಒಂದು ಕಾರಣಕ್ಕೆ ಡ್ರುಪಲ್ ಕಡೆಗೆ ಹೊರಳೋಣವೇ ಎಂದು ಎರಡು ದಿನ ಯೋಚಿಸಿದ್ದೆ. ನಾಪೋಕ್ಲುವಿನ ಮಧ್ಯಾಹ್ನ ನೆನಪಾಗಿ ಬಿಟ್ಟೆ.

ಸೆಪ್ಟೆಂಬರಿನಲ್ಲಿ ಬರುವ ಕೊಡವರ ಹಬ್ಬ ಕೈಲ್ ಮುಹೂರ್ತದ ಹೊತ್ತಿಗೆ ಜಾಲತಾಣ ಬಳಕೆಗೆ ಬಂತು. ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ರಾತ್ರಿ ಕಳೆದು ಬೆಳಿಗ್ಗೆ ಏಳರೊಳಗೆ ರೈಟರ್ ಅವರ ಲೆಕ್ಕ ಬಂದಿತ್ತು: 1 ಇಂಚು, 5 ಸೆಂಟ್ಸ್, ಎರಡು ಚೌಕಗಳಲ್ಲಿ. ಚಿತ್ರಗಳಿಗೆ ವಿವರಣೆ ಬರೆಯುವ ಜಾಗವನ್ನು ಮಾತ್ರ ಇನ್ನೂ ಯಾರೂ ತುಂಬುತ್ತಿಲ್ಲ. ಕಣ್ಣು ಮಂಜಾದ ಹಿರಿಯ ಸದಸ್ಯರು ಮೊಬೈಲಿನಲ್ಲಿ ಓದಿಸಿಕೊಂಡು ಕೇಳುವಾಗ ಅಲ್ಲಿ ಏನೂ ಕೇಳಿಸುವುದಿಲ್ಲ. ಮುಂದಿನ ಸುತ್ತಿಗೆ ಅದನ್ನೇ ಮೊದಲ ಕೆಲಸವಾಗಿ ಚೀಟಿಯಲ್ಲಿ ಬರೆದಿಟ್ಟಿದ್ದೇನೆ, ಮತ್ತು ಈ ಬಾರಿ ಆ ಹಿರಿಯರಲ್ಲೇ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳುತ್ತೇನೆ.