‘ಆಗಿ’ ಇದ್ದಲ್ಲೆಲ್ಲ ‘ಲಿ’ ಬೇಡ: ಇಂಗ್ಲಿಷಿನ ಗುಣವಾಚಕ ಮತ್ತು ಕ್ರಿಯಾವಿಶೇಷಣ

ನಾಮಪದದ ಗುಣವನ್ನು ತಿಳಿಸುವುದು ಗುಣವಾಚಕ, ಕ್ರಿಯೆ ನಡೆದ ರೀತಿಯನ್ನು ತಿಳಿಸುವುದು ಕ್ರಿಯಾವಿಶೇಷಣ. ಕನ್ನಡದಲ್ಲಿ ನಾವು ಈ ವ್ಯತ್ಯಾಸವನ್ನು ಹೆಚ್ಚಾಗಿ ‘ಆದ’ ಮತ್ತು ‘ಆಗಿ’ಗಳಿಂದ ತೋರಿಸುತ್ತೇವೆ. ‘ಸ್ಪಷ್ಟವಾದ ಉತ್ತರ’ ಎಂಬುದು ಇಂಗ್ಲಿಷಿನಲ್ಲಿ ‘ಎ ಕ್ಲಿಯರ್ ಆನ್ಸರ್’ ಆಗುತ್ತದೆ. ‘ಸ್ಪಷ್ಟವಾಗಿ ಉತ್ತರಿಸಿದಳು’ ಎಂಬುದು ‘ಶಿ ಆನ್ಸರ್ಡ್ ಕ್ಲಿಯರ್ಲಿ’ ಆಗುತ್ತದೆ, ಅಂದರೆ ನಮ್ಮ ‘ಆಗಿ’ಯ ಜಾಗದಲ್ಲಿ ಅಲ್ಲಿ ಪದದ ಕೊನೆಗೆ ‘ಲಿ’ (-ly) ಸೇರುತ್ತದೆ. ಇಷ್ಟರಮಟ್ಟಿಗೆ ನಮ್ಮ ಭಾಷೆಯ ಅಭ್ಯಾಸವೇ ನಮಗೆ ನೆರವಾಗುತ್ತದೆ.

ತೊಡಕು ಹುಟ್ಟುವುದು ‘ಲುಕ್’, ‘ಫೀಲ್’, ‘ಸ್ಮೆಲ್’, ‘ಟೇಸ್ಟ್’, ‘ಸೌಂಡ್’, ‘ಸೀಮ್’ ಮೊದಲಾದ ಕ್ರಿಯಾಪದಗಳಲ್ಲಿ. ‘ಅವಳು ಸುಂದರವಾಗಿ ಕಾಣುತ್ತಾಳೆ’ ಎಂದು ನಾವು ಹೇಳುವುದರಿಂದ ‘ಶಿ ಲುಕ್ಸ್ ಬ್ಯೂಟಿಫುಲಿ’ ಎಂದು ಬರೆಯಲು ಕೈ ತಾನಾಗಿ ಮುಂದಾಗುತ್ತದೆ. ಆದರೆ ಅಲ್ಲಿ ‘ಸುಂದರ’ ಎಂಬ ಗುಣ ಅವಳದೇ ಹೊರತು ಕಾಣುವ ಕ್ರಿಯೆಯದಲ್ಲ. ಆದ್ದರಿಂದ ‘ಶಿ ಲುಕ್ಸ್ ಬ್ಯೂಟಿಫುಲ್’ ಎಂಬುದೇ ಸರಿ. ಸಂದೇಹ ಬಂದಾಗ ಆ ಕ್ರಿಯಾಪದವನ್ನು ತೆಗೆದು ‘ಈಸ್’ ಅಥವಾ ‘ವಾಸ್’ ಇಟ್ಟು ನೋಡಿ. ‘ದ ಸೂಪ್ ಟೇಸ್ಟ್ಸ್ ಗುಡ್’ ಎಂಬುದು ‘ದ ಸೂಪ್ ಈಸ್ ಗುಡ್’ ಆದರೂ ಅರ್ಥ ನಿಲ್ಲುತ್ತದೆ, ಹಾಗಾಗಿ ಅಲ್ಲಿ ಗುಣವಾಚಕವೇ ಬೇಕು. ಇದೇ ಕ್ರಿಯಾಪದ ನಿಜವಾದ ಕೆಲಸವನ್ನು ಹೇಳುವಾಗ ಮಾತ್ರ ಕ್ರಿಯಾವಿಶೇಷಣ ಬರುತ್ತದೆ: ‘ಹಿ ಲುಕ್ಡ್ ಆಂಗ್ರಿ’ ಎಂದರೆ ಅವನು ಕೋಪಗೊಂಡವನಂತೆ ಕಂಡ, ‘ಹಿ ಲುಕ್ಡ್ ಆಂಗ್ರಿಲಿ ಅಟ್ ಮಿ’ ಎಂದರೆ ಅವನು ನನ್ನನ್ನು ಕೋಪದಿಂದ ನೋಡಿದ. ನನ್ನ ದೃಷ್ಟಿಯಲ್ಲಿ ಉಳಿದೆಲ್ಲ ನಿಯಮಗಳಿಗಿಂತ ಮೊದಲು ಅಭ್ಯಾಸ ಮಾಡಬೇಕಾದದ್ದು ಈ ಒಂದು ಪರೀಕ್ಷೆಯನ್ನು.

ನಮ್ಮ ‘ಚೆನ್ನಾಗಿ’ ಎಂಬ ಪದಕ್ಕೂ ಇದೇ ಎಚ್ಚರ ಬೇಕು. ‘ಚೆನ್ನಾಗಿ ಹಾಡುತ್ತಾಳೆ’ ಎಂಬಲ್ಲಿ ‘ಶಿ ಸಿಂಗ್ಸ್ ವೆಲ್’ ಎನ್ನಬೇಕು, ‘ಗುಡ್’ ಅಲ್ಲ. ‘ಸಿನಿಮಾ ಚೆನ್ನಾಗಿದೆ’ ಎಂಬಲ್ಲಿ ‘ದ ಫಿಲ್ಮ್ ಈಸ್ ಗುಡ್’ ಎನ್ನಬೇಕು, ‘ವೆಲ್’ ಅಲ್ಲ. ಆರೋಗ್ಯದ ವಿಚಾರದಲ್ಲಿ ಮಾತ್ರ ‘ಐ ಆಮ್ ವೆಲ್’ ಎನ್ನಬಹುದು, ಏಕೆಂದರೆ ಅಲ್ಲಿ ‘ವೆಲ್’ ಗುಣವಾಚಕವಾಗಿ ನಿಂತಿದೆ.

‘ಲಿ’ ಎಂಬ ಕೊನೆಯನ್ನು ಕಣ್ಣುಮುಚ್ಚಿ ನಂಬಬಾರದು. ‘ಫ್ರೆಂಡ್ಲಿ’, ‘ಲವ್ಲಿ’ ಗುಣವಾಚಕಗಳು. ‘ಫಾಸ್ಟ್’ ಎಂಬುದಕ್ಕೆ ‘ಲಿ’ ಸೇರುವುದೇ ಇಲ್ಲ. ‘ಹಾರ್ಡ್’ ಪದಕ್ಕೆ ಅದು ಸೇರಿದರೆ ಅರ್ಥವೇ ತಿರುಗುತ್ತದೆ: ಉದ್ಯೋಗದ ಅರ್ಜಿಯಲ್ಲಿ ‘ಐ ವರ್ಕ್ ಹಾರ್ಡ್’ ಎಂದರೆ ಶ್ರಮಪಟ್ಟು ದುಡಿಯುತ್ತೇನೆ ಎಂದಾಗುತ್ತದೆ, ‘ಐ ಹಾರ್ಡ್ಲಿ ವರ್ಕ್’ ಎಂದರೆ ಕೆಲಸ ಮಾಡುವುದೇ ಅಪರೂಪ ಎಂದಾಗುತ್ತದೆ. ‘ಲೇಟ್’ ಎಂದರೆ ತಡವಾಗಿ, ‘ಲೇಟ್ಲಿ’ ಎಂದರೆ ಇತ್ತೀಚೆಗೆ.

ಇನ್ನು ಪದದ ಸ್ಥಾನ. ಕನ್ನಡದಲ್ಲಿ ‘ಇಂಗ್ಲಿಷನ್ನು ಚೆನ್ನಾಗಿ ಮಾತನಾಡುತ್ತಾನೆ’ ಎಂದು ಕ್ರಿಯಾವಿಶೇಷಣ ಕ್ರಿಯಾಪದದ ಪಕ್ಕದಲ್ಲೇ ಇರುತ್ತದೆ. ಅದನ್ನೇ ಅನುಸರಿಸಿ ‘ಹಿ ಸ್ಪೀಕ್ಸ್ ವೆಲ್ ಇಂಗ್ಲಿಷ್’ ಎನ್ನಬಾರದು. ಕ್ರಿಯಾಪದವನ್ನೂ ಅದರ ಕರ್ಮವನ್ನೂ ಬೇರ್ಪಡಿಸದೆ ‘ಹಿ ಸ್ಪೀಕ್ಸ್ ಇಂಗ್ಲಿಷ್ ವೆಲ್’ ಎನ್ನಬೇಕು. ‘ಆಲ್ವೇಸ್’, ‘ಆಫನ್’ ಮುಂತಾದ, ಎಷ್ಟು ಸಲ ಎಂಬುದನ್ನು ಹೇಳುವ ಪದಗಳು ಸಾಮಾನ್ಯವಾಗಿ ಮುಖ್ಯ ಕ್ರಿಯಾಪದಕ್ಕೆ ಮೊದಲು ಬರುತ್ತವೆ: ‘ಶಿ ಆಲ್ವೇಸ್ ಕಮ್ಸ್ ಅರ್ಲಿ’. ‘ಈಸ್’, ‘ವಾಸ್’ ಇದ್ದರೆ ಅವುಗಳ ನಂತರ ಬರುತ್ತವೆ: ‘ಶಿ ಈಸ್ ಆಲ್ವೇಸ್ ಅರ್ಲಿ’.